ಅಳತೆ ಮೀರಿದ ತೋಳು

ಕುಂಚಗಳನ್ನು ಯಾರೋ ನೀರಿನ ಮಗ್ಗಿನಲ್ಲಿ ಕೂದಲು ಕೆಳಗಾಗಿ ನಿಲ್ಲಿಸಿದ್ದರು. ತುದಿಗಳು ಮಗ್ಗಿನ ತಳಕ್ಕೆ ಒತ್ತಿಕೊಂಡು ಸೊಟ್ಟಗೆ ಬಾಗಿದ್ದವು. ಇನ್ನೊಂದಿಷ್ಟು ಹೊತ್ತು ಹೀಗೇ ಬಿಟ್ಟರೆ ಅವುಗಳ ಕತೆ ಮುಗಿದ ಹಾಗೆ, ಆಮೇಲೆ ಬಾಟಲಿ ತೊಳೆಯಲಿಕ್ಕೆ ಇಟ್ಟುಕೊಳ್ಳಬೇಕು ಅಷ್ಟೆ. ಮೇಷ್ಟ್ರು ಆ ಕಡೆ ಕಣ್ಣು ಹೋಗದಿರಲೆಂದು ಕುರ್ಚಿಯನ್ನು ತುಸು ತಿರುಗಿಸಿಕೊಂಡರು. ತಿರುಗಿಸಿಕೊಂಡ ಕಡೆ ಇನ್ನೂ ಚೆಂದ: ಹಿಂದೆ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದ ದಪ್ಪ ಮೀಸೆಯ ಮನುಷ್ಯ ಕಪ್ಪು ಬಣ್ಣ ಮೆತ್ತಿದ ಕುಂಚವನ್ನು ಹಾಗೇ ಹಳದಿ ಡಬ್ಬಿಗೆ ಮುಳುಗಿಸಿ ಕಲಸುತ್ತಿದ್ದ. ಹಳದಿ ಹೋಗಿ ಕೆಸರಾಯಿತು. ಅಯ್ಯೋ ನಿನ್ನ, ಅಂದುಕೊಂಡರು ಮೇಷ್ಟ್ರು, ಬಾಯಿ ಬಿಡಲಿಲ್ಲ. ಇಲ್ಲಿ ಬಾಯಿ ಬಿಡುವ ಹಾಗಿಲ್ಲ. ಆಸ್ಪತ್ರೆಯ ಹಿಂಬದಿಯ ಈ ಕೋಣೆಗೆ ಬಂದ ಮೊದಲ ದಿನವೇ ಚಿತ್ರದ ಮೇಡಂ ಕಟ್ಟುಪಾಡು ಹೇಳಿಬಿಟ್ಟಿದ್ದರು. ಯಾರ ಚಿತ್ರವನ್ನೂ ಯಾರೂ ಚೆನ್ನಾಗಿದೆ ಅನ್ನಬಾರದು, ಚೆನ್ನಾಗಿಲ್ಲ ಅಂತಲೂ ಅನ್ನಬಾರದು. ಒಬ್ಬರ ಹಾಳೆಯನ್ನು ಇನ್ನೊಬ್ಬರು ಮುಟ್ಟಲೇಬಾರದು. "ಇಲ್ಲಿ ತಪ್ಪು ಅನ್ನೋದೇ ಇಲ್ಲ ಸರ್" ಅಂದಿದ್ದರು ಮೇಡಂ, ನಗುತ್ತಾ. ತಪ್ಪೇ ಇಲ್ಲ ಅಂದಮೇಲೆ ಕಲಿಯುವುದಾದರೂ ಏನನ್ನು ತಾಯಿ, ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಮಗಳ ಮುಖ ನೋಡಿ ನುಂಗಿಕೊಂಡಿದ್ದರು. ಇಡೀ ಆಯುಷ್ಯ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದ ಮನುಷ್ಯನಿಗೆ, ಆ ಮಕ್ಕಳಿಗಿಂತ ಸ್ವಲ್ಪ ದೊಡ್ಡವಳಾದ ಒಬ್ಬಳು ಹುಡುಗಿ ಹೇಳಿಕೊಟ್ಟ ಪಾಠ ಇದು.

ಮಗಳು ಪಕ್ಕದ ಕುರ್ಚಿಯಲ್ಲೇ ಇದ್ದಳು. ಎದುರಿಗೆ ಬಿಳಿ ಹಾಳೆ, ಪಕ್ಕದಲ್ಲಿ ಪೆನ್ಸಿಲು. ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಬಂದಾಗಲೆಲ್ಲ ಹೀಗೇ ಕೂತು, ಹೊತ್ತಾದ ಮೇಲೆ ಎದ್ದು ಬರುತ್ತಿದ್ದಳು, ಹಾಳೆ ಹಾಗೇ ಉಳಿಯುತ್ತಿತ್ತು. ತಾಯಿ ಹೋಗಿ, ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದ ಮೇಲೆ ಇವಳು ಮಾತಾಡುವುದನ್ನು ನಿಲ್ಲಿಸಿದ್ದಳು. ಯಾವತ್ತು ನಿಂತಿತು ಎಂದು ಮೇಷ್ಟ್ರಿಗೆ ಹೇಳಲಿಕ್ಕೂ ಬರುವುದಿಲ್ಲ, ಯಾಕೆಂದರೆ ಅದು ಅವರ ಗಮನಕ್ಕೆ ಬಂದದ್ದೇ ತಂಗಿ ಬಾಯಿಬಿಟ್ಟು ಹೇಳಿದ ಮೇಲೆ. "ಏನಣ್ಣಾ ನೀನು, ಒಂದೇ ಮನೇಲಿದ್ದು ನಿನಗೆ ಗೊತ್ತೇ ಆಗ್ಲಿಲ್ವಾ? ಗೋಡೆ ಬಣ್ಣ ಮಾಸಿದ್ರೆ ಮಾತ್ರ ಗೊತ್ತಾಗುತ್ತೆ ನಿನಗೆ" ಅಂದಿದ್ದಳು ತಂಗಿ. ಅತ್ತಿಗೆ ಹೋದಾಗಿನಿಂದ ತನ್ನ ಮನೆಗೆ ಬೀಗ ಹಾಕಿ ಇಲ್ಲೇ ಉಳಿದು ಅಡುಗೆಮನೆ ನೋಡಿಕೊಳ್ಳುತ್ತಿರುವವಳು. ಮಗಳು ಉಣ್ಣುತ್ತಾಳೆ, ಸ್ನಾನ ಮಾಡುತ್ತಾಳೆ, ಒಣಗಿದ ಬಟ್ಟೆ ತಂದು ಮಡಚಿಡುತ್ತಾಳೆ. ಕರೆದರೆ ತಿರುಗಿ ನೋಡುತ್ತಾಳೆ. ಮಾತು ಮಾತ್ರ ಇಲ್ಲ. ಗಂಟಲು ನೋಡುವ ಡಾಕ್ಟರು ಗಂಟಲು ನೋಡಿ ಏನೂ ಆಗಿಲ್ಲ ಅಂದರು. ಮನಸ್ಸು ನೋಡುವ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಮಾತು ಎಲ್ಲೂ ಹೋಗಿಲ್ಲ ಸರ್, ಒಳಗೇ ಇದೆ, ಆ ದಾರಿ ಮುಚ್ಚಿಕೊಂಡಿದೆ ಅಷ್ಟೆ, ಬೇರೆ ದಾರಿಯಿಂದ ಕರೆದು ನೋಡೋಣ. ಚಿತ್ರ ಬರೀಲಿ, ಮಣ್ಣು ಕಲಸಲಿ, ಏನಾದ್ರೂ ಮಾಡ್ಲಿ. ಮನೆಯವರೊಬ್ಬರು ಜೊತೆಗೆ ಕೂತ್ಕೊಳ್ಳಿ" ಎಂದು ಈ ಹಿಂಬದಿಯ ಕೋಣೆಗೆ ಕಳಿಸಿದರು. ಬೇರೆ ಯಾರ ಮನೆಯವರಿಗಾದರೂ ಇದು ವಿಚಿತ್ರ ಅನ್ನಿಸಬಹುದಿತ್ತು. ಮೇಷ್ಟ್ರಿಗೆ ಮಾತ್ರ, ಸದ್ಯ, ನನಗೆ ಗೊತ್ತಿರುವ ಒಂದೇ ವಿದ್ಯೆಯಲ್ಲಿ ಇವಳ ಔಷಧ ಇದೆಯಲ್ಲ ಅಂತ ಆವತ್ತು ಎದೆ ತುಂಬಿ ಬಂದಿತ್ತು. ಇವಳು ಒಂದು ಮಾತಾಡಲಿ. ಅಪ್ಪಾ ಅನ್ನಲಿ, ಇಲ್ಲವೇ ಬಾಯಿಗೆ ಬಂದ ಹಾಗೆ ಬೈಯಲಿ. ಬೇರೇನೂ ಬೇಡ ಅನ್ನಿಸಿತ್ತು.

ಆದರೆ ಈ ಕೋಣೆಯಲ್ಲಿ ಅವರ ವಿದ್ಯೆಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಹೋದ ಸಲ ಎಲ್ಲರೂ ತಮ್ಮ ಮನಸ್ಸಿಗೆ ಬಂದದ್ದನ್ನು ಬರೆಯಿರಿ ಎಂದಾಗ ಮೇಷ್ಟ್ರು ಮೇಜಿನ ಮೇಲಿದ್ದ ನೀರಿನ ಹೂಜಿಯನ್ನು ಬರೆದರು. ಬೆಳಕು ಬೀಳುವ ಕಡೆ ಬೆಳಕು, ನೆರಳಿರುವ ಕಡೆ ನೆರಳು, ಹೂಜಿಯ ಹೊಟ್ಟೆಯ ಮೇಲೆ ಕಿಟಕಿಯ ಪ್ರತಿಬಿಂಬ ಕೂಡ. ಲಿಫ್ಟಿನವನು ಬಗ್ಗಿ ನೋಡಿ, "ಅಬ್ಬಾ ಮೇಷ್ಟ್ರೇ, ನೀರು ಬಗ್ಗಿಸ್ಕೊಂಡು ಕುಡೀಬಹುದು ಇದ್ರಿಂದ" ಅಂದ, ಕಟ್ಟುಪಾಡು ಮರೆತು. ಮೇಡಂ ಬಂದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಇದರಲ್ಲಿ ನೀವೆಲ್ಲಿದ್ದೀರಿ ಸರ್?" ಎಂದು ಕೇಳಿದರು. ನಾನ್ಯಾಕೆ ಇರಲಿ, ಹೂಜಿ ಇದೆಯಲ್ಲ, ಅಂದರು ಮೇಷ್ಟ್ರು. ಆಚೆ ಕೂತಿದ್ದ, ಹೊಲಿಗೆ ಕೆಲಸದ ಹೆಂಗಸೊಬ್ಬಳು ಕಿಸಕ್ಕೆಂದು ನಕ್ಕಳು. ಆಕೆ ಗಂಡನ ಕಾಟಕ್ಕೆ ಮನೆ ಬಿಟ್ಟು ಬಂದವಳು, ತನ್ನ ಹಾಳೆಯನ್ನು ಯಾವಾಗಲೂ ಚಿಂದಿ ಮಾಡಿ ಮತ್ತೆ ಅಂಟಿಸುವವಳು, ಆಕೆಗೂ ನಗು ಬಂತು. "ನಿಮ್ಮ ಬಲಗೈಗೆ ಎಲ್ಲಾ ಗೊತ್ತಿದೆ ಸರ್, ಅದಕ್ಕೆ ಸ್ವಲ್ಪ ರಜ ಕೊಡಿ, ಎಡಗೈಲಿ ಬರೀರಿ" ಎಂದು ಮೇಡಂ ಪೆನ್ಸಿಲನ್ನು ಆ ಕೈಗೆ ವರ್ಗಾಯಿಸಿದರು. ಎಡಗೈ ನಡುಗುತ್ತಾ ಒಂದು ಗೆರೆ ಎಳೆಯಿತು, ಗೆರೆ ಎಲ್ಲೆಲ್ಲೋ ಹೋಯಿತು. ಮೇಷ್ಟ್ರಿಗೆ ಕಿವಿಯೆಲ್ಲ ಬಿಸಿಯಾಯಿತು. ಮಗಳು ನೋಡುತ್ತಿದ್ದಾಳಾ ಎಂದು ಓರೆಗಣ್ಣಲ್ಲಿ ನೋಡಿದರು. ನೋಡುತ್ತಿದ್ದಳು. ಮುಖದಲ್ಲಿ ನಗುವಿರಲಿಲ್ಲ, ಮರುಕವೂ ಇರಲಿಲ್ಲ. ಅವರ ಕೈಯನ್ನೇ ನೋಡುತ್ತಿದ್ದಳು.

ಈ ಕೈ ಸುಮ್ಮನಿರುವ ಜಾತಿಯದಲ್ಲ, ಅದು ಅವರಿಗೇ ಗೊತ್ತು. ತರಗತಿಯಲ್ಲಿ ಬೆಂಚುಗಳ ನಡುವೆ ಓಡಾಡುತ್ತಾ, ಬಗ್ಗಿ, ಮಕ್ಕಳ ಭುಜದ ಮೇಲಿಂದಲೇ ಕೈ ಚಾಚಿ ಅಳಿಸಿ ತಿದ್ದುತ್ತಿದ್ದರು. ಜೇಬಿನಲ್ಲಿ ಸದಾ ಒಂದು ಮೆತ್ತನೆಯ ರಬ್ಬರು. ಕಣ್ಣು ಇಲ್ಲಲ್ಲ ಕಣೋ, ತಲೆಯ ಅರ್ಧಕ್ಕೆ ಬರಬೇಕು. ಕಿವಿ ಏನು ಹಣೆಯಲ್ಲಿ ಬೆಳೆಯುತ್ತಾ ನಿಮ್ಮಪ್ಪನಿಗೆ? ಮಕ್ಕಳು ನಗುತ್ತಿದ್ದರು, ತಿದ್ದಿಸಿಕೊಂಡವನೂ ನಗುತ್ತಿದ್ದ, ಚಿತ್ರ ಸರಿಹೋಗುತ್ತಿತ್ತು. ಅದು ಪ್ರೀತಿಯೇ ಅಲ್ಲವೇ. ಚಿತ್ರ ಹೇಗಾದರೂ ಹಾಳಾಗಿ ಹೋಗಲಿ ಅಂತ ಬಿಡುವವನು ಪ್ರೀತಿಸುವವನೇ? ಹೆಂಡತಿ ಹಾಸಿಗೆ ಹಿಡಿದ ಮೇಲೆ, ಪಕ್ಕದ ಸ್ಟೂಲಿನಲ್ಲಿ ಕೂತಾಗ, ಒಂದು ಕಣ್ಣು ಮುಚ್ಚಿ ಪೆನ್ಸಿಲನ್ನು ಕೈಯಳತೆಯ ದೂರದಲ್ಲಿ ಹಿಡಿದು ಅವಳ ಮುಖವನ್ನು ಅಳೆಯುತ್ತಿದ್ದುದು ಅವರಿಗೇ ತಡವಾಗಿ ತಿಳಿಯಿತು. ದಿಂಬು ಅಷ್ಟೇ ಇತ್ತು, ಮುಖ ಸಣ್ಣದಾಗುತ್ತಿತ್ತು. ಅವಳು ಕಣ್ಣು ಬಿಟ್ಟು ನೋಡಿ, "ಏನ್ರೀ, ಅಳತೆ ತಗೊಳ್ತಿದ್ದೀರಾ?" ಅಂದಿದ್ದಳು. ತಮಾಷೆಗೇ ಅಂದದ್ದು. ಇವರು ಪೆನ್ಸಿಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದರು. ಕೊನೆಯ ದಿನ ಮಧ್ಯಾಹ್ನವೂ ಅವಳು ಅಂಥದೇ ತೆಳ್ಳಗಿನ ದನಿಯಲ್ಲಿ ಕರೆದಳು. ಇವರು ನಡುಮನೆಯ ಮೇಜಿನ ಮೇಲೆ ಶಾಲೆಯ ಪ್ರದರ್ಶನಕ್ಕೆ ಬಂದ ಚಿತ್ರಗಳನ್ನು ಹರಡಿಕೊಂಡು ಕೂತಿದ್ದರು. ಯಾವುದೋ ಮಗು ಬರೆದ ಮುದುಕನ ಗದ್ದ, ಬಹಳ ಚೂಪಾಗಿತ್ತು. ಬಂದೆ, ಅಂದರು. ಮತ್ತೆ ಕರೆದಳು. ಬಂದೆ ಬಂದೆ. ಗದ್ದ ಇನ್ನೇನು ಗುಂಡಗಾಗುವುದರಲ್ಲಿತ್ತು. ಎದ್ದು ಹೋದಾಗ ಅವಳ ಕೈ ಹಾಸಿಗೆಯಿಂದಾಚೆ ಜೋತುಬಿದ್ದಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಮಗಳು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಗಂಜಿಯ ಲೋಟ. ಯಾವಾಗ ಬಂದು ನಿಂತಳೋ. ಸಂಜೆ ಜನ ಸೇರಿದಾಗ, ಕೊನೆಗೆ ಏನಾದರೂ ಅಂದರಾ, ಕರೆದರಾ, ಎಂದು ಯಾರೋ ಕೇಳಿದ್ದಕ್ಕೆ ಮೇಷ್ಟ್ರು, "ಇಲ್ಲ, ಕರೀಲಿಲ್ಲ. ಕರೆದಿದ್ರೆ ಓಡಿ ಹೋಗ್ತಿದ್ದೆ" ಅಂದರು. ಆಗಲೂ ಮಗಳು ಅಲ್ಲೇ ಇದ್ದಳು. ತಲೆಯೆತ್ತಿ ಅವರನ್ನೊಮ್ಮೆ ನೋಡಿ, ಬಂದವರಿಗೆ ಕೊಡಲು ನೀರು ತರಲಿಕ್ಕೆ ಒಳಗೆ ಹೋದಳು. ತಾನೆಲ್ಲಿ ಸುಳ್ಳು ಹೇಳಿದೆ, ದುಃಖದಲ್ಲಿ ಬಾಯಿ ತಪ್ಪಿತು ಅಷ್ಟೆ, ಎಂದು ಮೇಷ್ಟ್ರು ತಮಗೆ ತಾವೇ ಎಷ್ಟು ಸಲ ಹೇಳಿಕೊಂಡರೂ ಆ ನೋಟ ಹೋಗಿರಲಿಲ್ಲ.

ಯಾರೋ ಬಿಕ್ಕಿದ ಸದ್ದಾಯಿತು. ಹೊಲಿಗೆಯಾಕೆ ತಾನು ಅಂಟಿಸಿದ ಚಿಂದಿಯನ್ನು ಎದೆಗವುಚಿಕೊಂಡು ಅಳುತ್ತಿದ್ದಳು, ಅಳು ನಿಲ್ಲಲೊಲ್ಲದು. ಮೇಡಂ ಆಕೆಯ ಬೆನ್ನ ಮೇಲೆ ಕೈಯಿಟ್ಟು, "ಬನ್ನಿ ಅಕ್ಕಾ, ಸ್ವಲ್ಪ ಗಾಳಿಗೆ ಹೋಗೋಣ" ಎಂದು ಎಬ್ಬಿಸಿದರು. ಹೋಗುತ್ತಾ, "ನೀವೆಲ್ಲ ಮುಂದುವರಿಸಿ, ಈಗ ಬಂದೆ" ಅಂದರು. ಲಿಫ್ಟಿನವನು ತನ್ನ ಕೆಸರಿನಲ್ಲಿ ಒಂದರ ಪಕ್ಕ ಒಂದು ಮುಚ್ಚಿದ ಬಾಗಿಲು ಬರೆಯುವುದರಲ್ಲಿ ಮುಳುಗಿಹೋಗಿದ್ದ. ಬಾಗಿಲು ಹಾಕಿಕೊಂಡ ಸದ್ದಿಗೆ ಮೇಷ್ಟ್ರು ಈ ಕಡೆ ತಿರುಗಿದರೆ, ಮಗಳ ಕೈಯಲ್ಲಿ ಪೆನ್ಸಿಲು ಇತ್ತು. ಅದು ಓಡುತ್ತಿತ್ತು.

ಉಸಿರಾಡಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಉಸಿರನ್ನೂ ಹಿಡಿದುಕೊಂಡು ನೋಡಿದರು. ಎಷ್ಟು ಕಾಲವಾಯಿತು ಇವಳು ಚಿತ್ರ ಬರೆದು. ಚಿಕ್ಕವಳಿದ್ದಾಗ ಗೋಡೆ, ನೆಲ, ಒಗೆಯುವ ಕಲ್ಲು, ಸಿಕ್ಕಲ್ಲೆಲ್ಲ ಬರೆಯುತ್ತಿದ್ದಳು, ಆಮೇಲೆ ಒಂದು ದಿನ ಬಿಟ್ಟಳು, ಅದೂ ಯಾಕೆಂದು ಕೇಳಿರಲಿಲ್ಲ. ಗೆರೆ ಒರಟಾಗಿತ್ತು, ಆದರೆ ಹೆದರಿಕೆಯಿಲ್ಲದ ಗೆರೆ. ಮೂಲೆಯಲ್ಲಿ ಒಂದು ಮಂಚ ಬಂತು. ಮಂಚದ ಮೇಲೆ ಮಲಗಿದ ಹೆಂಗಸು. ನಡುವೆ ಬಾಗಿಲಿನ ಚೌಕಟ್ಟು. ಹಾಳೆಯ ಇನ್ನೊಂದು ತುದಿಯಲ್ಲಿ ಮೇಜು, ಮೇಜಿನ ಮುಂದೆ ಬೆನ್ನು ತೋರಿಸಿ ಬಗ್ಗಿ ಕೂತ ಯಾವನೋ ಒಬ್ಬ. ಆಮೇಲೆ ಪೆನ್ಸಿಲು ಮತ್ತೆ ಹೆಂಗಸಿನ ಭುಜಕ್ಕೆ ಹಿಂದಿರುಗಿ ಅಲ್ಲಿಂದ ತೋಳನ್ನು ಎಳೆಯತೊಡಗಿತು. ತೋಳು ಮಂಚ ದಾಟಿತು. ಬಾಗಿಲು ದಾಟಿತು. ಮೊಣಕೈಯೇ ಇಲ್ಲದೆ ಇಡೀ ಹಾಳೆಯ ಉದ್ದಕ್ಕೂ ಹರಿದು ಹೋಗಿ, ಬೆನ್ನಿಗೆ ಒಂದು ಬೆರಳಷ್ಟು ದೂರದಲ್ಲಿ ನಿಂತಿತು. ಐದು ಬೆರಳು ಬಿಡಿಸಿಕೊಂಡು ನಿಂತಿತು. ಮಗಳು ಪೆನ್ಸಿಲು ಕೆಳಗಿಟ್ಟು ಉಸಿರು ಬಿಟ್ಟಳು. ಹಾಳೆಯನ್ನು ಅಂಗೈಯಿಂದ ಒಂದಿಷ್ಟು ಅಪ್ಪನ ಕಡೆಗೆ ಸರಿಸಿದಳು. ಈಗಿನ ತನಕ ಯಾರಿಗೂ ಏನನ್ನೂ ಕೊಡದಿದ್ದವಳು, ಅದನ್ನು ಅವರಿಗೆ ಕೊಟ್ಟಳು.

ಮೇಷ್ಟ್ರ ಕಣ್ಣು ಮಂಜಾಯಿತು. ಬಂದಳು, ಬಂದಳು ಮಗಳು ವಾಪಸು, ಅಂದುಕೊಂಡರು. ಆ ಸಂತೋಷದಲ್ಲೇ, ಹೌದು, ಸಂತೋಷದಲ್ಲೇ, ಜೇಬಿನ ರಬ್ಬರು ಬಲಗೈಗೆ ಬಂತು. ತೋಳು ಅಷ್ಟುದ್ದ ಇರುವುದಿಲ್ಲ ಮರೀ. ಕೈ ಇಳಿಬಿಟ್ಟರೆ ಬೆರಳು ತೊಡೆಯ ನಡುವಿಗೆ ಬರಬೇಕು, ಇದೊಂದನ್ನು ಸರಿಮಾಡಿಬಿಟ್ಟರೆ ಎಷ್ಟು ಒಳ್ಳೆಯ ಚಿತ್ರ ಆಗುತ್ತದೆ ಇದು, ಮೇಡಂ ಬರುವುದರೊಳಗೆ ಮುಗಿಸಿಬಿಡೋಣ, ನೋಡಿದವರು ಬೆರಗಾಗಬೇಕು. ಬೆನ್ನಿನ ಹತ್ತಿರದಿಂದ ಶುರುಮಾಡಿ ಬೆರಳುಗಳನ್ನು ಅಳಿಸಿದರು, ಮುಂಗೈ ಅಳಿಸಿದರು, ಬಾಗಿಲು ದಾಟುವ ತೋಳನ್ನು ಅಳಿಸಿದರು. ಮಂಚದ ಅಂಚಿನಲ್ಲಿ ಮೊಣಕೈ ಮಡಿಸಿ, ಅಂಗೈಯನ್ನು ಹೊದಿಕೆಯ ಮೇಲೆ ಮಲಗಿಸಿ, ಮಣಿಕಟ್ಟಿನ ಸಣ್ಣ ಮೂಳೆಯನ್ನೂ ಬಿಡದೆ ಹೊಸ ತೋಳು ಬರೆದರು. ಸೊಗಸಾಗಿ ಬಂತು. ತಲೆ ಹಿಂದೆ ಮಾಡಿ, ಒಂದು ಕಣ್ಣು ಮುಚ್ಚಿ ನೋಡಿದರು. ಅಳತೆ ಸರಿಯಾಗಿತ್ತು. ಮಂಚದ ಮೇಲಿನ ಹೆಂಗಸು ಯಾರನ್ನೂ ಕರೆಯುತ್ತಿರಲಿಲ್ಲ, ಹಾಯಾಗಿ ಮಲಗಿದ್ದಳು. ಮೇಜಿನ ಮುಂದಿನವನು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದ, ಅವನನ್ನು ಯಾರೂ ಕರೆದಿರಲಿಲ್ಲ. ಆಗ, ಆಗ ಮಾತ್ರ, ಆ ಬೆನ್ನು ಯಾರದೆಂದು ಅವರಿಗೆ ಹೊಳೆಯಿತು.

ರಬ್ಬರು ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಅಯ್ಯೋ ಏನು ಮಾಡಿಬಿಟ್ಟೆ. ಅದು ತಪ್ಪಾಗಿರಲಿಲ್ಲ, ತೋಳು ಅಷ್ಟೇ ಉದ್ದ ಇತ್ತು, ಆ ದಿನ ಅದು ಅಷ್ಟೇ ಉದ್ದ ಇತ್ತು. ಮಗಳ ಕಡೆ ನೋಡುವ ಧೈರ್ಯ ಬರಲಿಲ್ಲ. ಅವಳ ಕೈ ಬಂದು ರಬ್ಬರನ್ನು ಎತ್ತಿಕೊಂಡಿತು. ಸಿಟ್ಟಿನಿಂದಲ್ಲ, ಅವಸರದಿಂದಲೂ ಅಲ್ಲ, ಅವರ ಹೊಸ ತೋಳನ್ನು ಮೊದಲು ಅಳಿಸಿದಳು. ಆಮೇಲೆ ಅಮ್ಮನನ್ನು, ಮಂಚವನ್ನು, ಬಾಗಿಲನ್ನು. ಮೇಜಿನ ಮುಂದಿನವನನ್ನು ಕೊನೆಗೆ ಅಳಿಸಿದಳು, ಅವನ ಬೆನ್ನಿನ ಗೆರೆ ಸ್ವಲ್ಪ ಒತ್ತಿ ಬರೆದದ್ದರಿಂದ ಎರಡೆರಡು ಸಲ ಉಜ್ಜಬೇಕಾಯಿತು. "ಬೇಡ ಮರೀ, ಬೇಡ, ನನ್ನಿಂದ ತಪ್ಪಾಯ್ತು, ಇನ್ನೊಂದು ಸಲ ಬರಿ, ನಾನು ಮುಟ್ಟಲ್ಲ, ನಾನು ಹೊರಗೆ ಹೋಗ್ತೀನಿ ಬೇಕಾದ್ರೆ" ಎಂದು ಮೇಷ್ಟ್ರು ಪಿಸುಗುಟ್ಟಿದರು. ಅವಳು ರಬ್ಬರಿನ ಪುಡಿಯನ್ನು ಬಾಯಿಂದ ಊದದೆ, ಅಂಗೈಯ ಅಂಚಿನಿಂದ ಮೆಲ್ಲಗೆ ಒರೆಸಿ ನೆಲಕ್ಕೆ ಬೀಳಿಸಿದಳು. ಹಾಳೆ ಕೊಳಕಾಗದ ಹಾಗೆ ಹೀಗೇ ಮಾಡಬೇಕೆಂದು ಅವರೇ ಅವಳಿಗೆ ಹೇಳಿಕೊಟ್ಟದ್ದು. ಮತ್ತೆ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಬಾಗಿಲು ತೆರೆಯಿತು. ಮೇಡಂ ಒಬ್ಬರೇ ಬಂದರು, ಕಣ್ಣು ಕೆಂಪಾಗಿತ್ತು, ಆಕೆಯೂ ಹೊರಗೆ ಅತ್ತಿರಬೇಕು. ಬಂದವರೇ ಮಗಳ ಮುಂದಿನ ಹಾಳೆ ನೋಡಿ, ಪೆನ್ಸಿಲು ಜಾಗ ಬದಲಾಯಿಸಿದ್ದನ್ನು ನೋಡಿ, ಬಗ್ಗಿ, ಆಸೆಯಿಂದ ಕೇಳಿದರು, "ಸರ್, ಏನಾದ್ರೂ ಬರೆದ್ಳಾ?"

ಹೇಳಬಹುದಿತ್ತು. ಹೇಳಿದ್ದರೆ ಈ ಹುಡುಗಿ ಮೇಡಂ ಹಾರಾಡುತ್ತಿರಲಿಲ್ಲ, ಸರ್ ಕೂತ್ಕೊಳ್ಳಿ ಅನ್ನುತ್ತಿದ್ದಳು, ನೀರು ಕೊಡುತ್ತಿದ್ದಳು, ಇದಕ್ಕೂ ಒಂದು ದಾರಿ ಹುಡುಕುತ್ತಿದ್ದಳು. ಆದರೆ ಲಿಫ್ಟಿನವನೂ ಕುಂಚ ಎತ್ತಿಹಿಡಿದು ಇತ್ತ ನೋಡುತ್ತಿದ್ದ. ಒಬ್ಬರ ಹಾಳೆ ಮುಟ್ಟಬಾರದು ಅನ್ನುವ ಅಷ್ಟು ಸಣ್ಣ ಮಾತು ಈ ಮೇಷ್ಟ್ರ ತಲೆಗೆ ಹೋಗಲಿಲ್ಲವಲ್ಲ, ಎಂದು, ಕೇಳಿಸಿಕೊಂಡಿದ್ದರೆ, ಅವನೂ ಅಂದುಕೊಳ್ಳುತ್ತಿದ್ದ.

"ಇಲ್ಲ ಮೇಡಂ" ಅಂದರು ಮೇಷ್ಟ್ರು. "ಏನೂ ಬರೀಲಿಲ್ಲ. ಪೆನ್ಸಿಲು ಸುಮ್ನೆ ನಾನೇ ಎತ್ತಿಟ್ಟೆ."

ಮೇಡಂ ಮುಖ ಬಾಡಿತು, ಬಾಡಿದ್ದನ್ನು ತೋರಿಸಿಕೊಳ್ಳದೆ ನಕ್ಕರು. "ಪರವಾಗಿಲ್ಲ ಸರ್, ಅವಸರ ಏನಿದೆ" ಎನ್ನುತ್ತಿರುವಾಗಲೇ ಪಕ್ಕದಲ್ಲಿ ಒಂದು ದನಿ ಕೇಳಿತು. ಬಹಳ ದಿನ ಬಳಸದೆ ಒಡೆದು ಹೋದ ದನಿ.

"ಹೌದು" ಅಂದಳು ಮಗಳು. "ನಾನು ಏನೂ ಬರೀಲಿಲ್ಲ."

ಮೇಡಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಲಿಫ್ಟಿನವನು "ಅಯ್ಯಯ್ಯೋ, ಮಾತಾಡ್ತು ಮಗು, ಮಾತಾಡ್ತು!" ಎಂದು ಕೂಗಿ ಕುರ್ಚಿ ಬೀಳಿಸಿಕೊಂಡು ಎದ್ದ, ಚಪ್ಪಾಳೆ ತಟ್ಟಿದ. ಕಾರಿಡಾರಿನಿಂದ ಹೊಲಿಗೆಯಾಕೆ ಓಡಿಬಂದಳು, ವಿಷಯ ತಿಳಿದು ಮತ್ತೆ ಅತ್ತಳು, ಈ ಸಲ ನಗುತ್ತಾ. ಮೇಡಂ ಮಗಳ ಮುಂದೆ ಮಂಡಿಯೂರಿ ಅವಳ ಕೈ ಹಿಡಿದುಕೊಂಡು, "ಬರೀದಿದ್ರೆ ಬೇಡ ಪುಟ್ಟಾ, ಬರೀಲೇಬೇಡ, ಎಷ್ಟು ಚೆನ್ನಾಗಿ ಹೇಳಿದೆ ನೀನು" ಅನ್ನುತ್ತಿದ್ದರು. ತಮ್ಮ ಕಟ್ಟುಪಾಡು ಮೇಡಂಗೂ ಮರೆತುಹೋಗಿತ್ತು. ಅವಳು ತಲೆಯಾಡಿಸಿದಳು, ಇನ್ನೇನೂ ಹೇಳಲಿಲ್ಲ. ಮೇಷ್ಟ್ರು ಮೇಜಿಗೆ ತಲೆಯಿಟ್ಟು ಅಳುತ್ತಿದ್ದರು. ಭುಜ ಕುಲುಕುತ್ತಿತ್ತು. "ಅಳಿ ಸರ್, ಚೆನ್ನಾಗಿ ಅತ್ತುಬಿಡಿ, ಇದು ಸಂತೋಷದ ಅಳು" ಎಂದು ಲಿಫ್ಟಿನವನು ಬಣ್ಣದ ಕೈಯಿಂದಲೇ ಅವರ ಬೆನ್ನು ಸವರಿದ. ಅವರ ಬಿಳಿ ಅಂಗಿಗೆ ಕೆಸರು ಬಣ್ಣ ಮೆತ್ತಿಕೊಂಡಿತು.

ಹೊರಗೆ ಬಿಸಿಲಿತ್ತು. ಆಸ್ಪತ್ರೆಯ ಗೇಟಿನ ಹತ್ತಿರ ಜನ, ಆಟೋ, ಸೈಕಲ್ಲು. ಮಗಳು ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಏನಾದರೂ ಹೇಳು, ಇನ್ನೊಂದು ಮಾತು, ಹೀಗೆ ಮಾಡಿದೆಯಲ್ಲ ಅಂತಾದರೂ ಅನ್ನು, ಎಂದು ಮೇಷ್ಟ್ರು ಅವಳ ಜಡೆಯನ್ನೇ ನೋಡುತ್ತಾ ನಡೆದರು. ಫೋನು ಹೊಡೆದುಕೊಂಡಿತು. ತಂಗಿ. ಮೇಡಂ ಆಗಲೇ ಮನೆಗೆ ಫೋನು ಮಾಡಿ ಹೇಳಿಬಿಟ್ಟಿದ್ದರು, ಅವರಿಗೂ ತಡೆಯಲಾಗಿರಲಿಲ್ಲ. ತಂಗಿ ಅಳುತ್ತಾ ನಗುತ್ತಾ, ಮಾತಿನ ಮೇಲೆ ಮಾತು ಬೀಳುವ ಹಾಗೆ, "ನಿಜವೇನಣ್ಣಾ? ಮಾತಾಡಿದ್ಳಾ? ನನ್ನ ಕಂದ ಮಾತಾಡಿದ್ಳಾ? ಏನಂದ್ಳಣ್ಣಾ, ಮೊದಲನೇ ಮಾತು ಏನಂದ್ಳು? ಹೇಳು, ಬೇಗ ಹೇಳು" ಅಂದಳು.

ಮೇಷ್ಟ್ರು ನಿಂತರು. ಅವರು ನಿಂತದ್ದು ಗೊತ್ತಾಗಿ ಮಗಳೂ ನಿಂತು, ತಿರುಗಿದಳು.

"ಅಪ್ಪಾ ಅಂದ್ಳು" ಅಂದರು ಮೇಷ್ಟ್ರು.

ಅತ್ತ ಕಡೆ ತಂಗಿ ಗೊಳೋ ಎಂದು ಅತ್ತಳು. "ಅಯ್ಯೋ ನನ್ನ ಬಂಗಾರ. ಕೊಡಣ್ಣಾ, ಅವಳ ಕೈಗೆ ಕೊಡು ಫೋನು, ಅತ್ತೆ ಅನ್ನಿಸ್ಕೊಳ್ತೀನಿ ಒಂದು ಸಲ." ಮೇಷ್ಟ್ರು ಫೋನನ್ನು ಮುಂದೆ ಚಾಚಿದರು. ಮಗಳು ತೆಗೆದುಕೊಂಡು ಕಿವಿಗಿಟ್ಟುಕೊಂಡಳು. ಅವರ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡಳು. ಫೋನಿನೊಳಗೆ ತಂಗಿ ಹಲೋ, ಪುಟ್ಟೀ, ಹಲೋ, ಕೇಳಿಸ್ತಿದೆಯಾ, ಅನ್ನುತ್ತಿರುವುದು ಮೇಷ್ಟ್ರಿಗೂ ಕೇಳುತ್ತಿತ್ತು. ಅದು ನಿಲ್ಲುವ ತನಕ ಅವಳು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಫೋನನ್ನು ಅಪ್ಪನ ಕೈಗೆ ವಾಪಸು ಕೊಟ್ಟು ಬಸ್ ಸ್ಟಾಪಿನ ಕಡೆ ನಡೆದಳು.